ಮುಸುಕಪ್ಪ ಯಾಕ ಮುಖ ಮುಚ್ಚಿಕೊಂಡ

ನನಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಈಗಲೂ ಬರುವುದಿಲ್ಲ. ಆದರೂ ಎಂಟು ವರ್ಷ ಹುಮನಾಬಾದಿನಲ್ಲಿ ಇಂಗ್ಲಿಷ್ ಪಿಚ್ಚರುಗಳ ಅರ್ಥ ಹೇಳುವುದೇ ನನ್ನ ದಂಧೆಯಾಗಿತ್ತು. ನಗುವವರು ನಗಲಿ. ಮೋರಖಂಡಿಯ ಕುರಿ ಕಾಯುವ ಮನೆಯ ಪಂಡರಿ, ನಾಲ್ಕನೇ ಇಯತ್ತೆಗೇ ಸಾಲಿ ಬಿಟ್ಟವನು, ಕೈಯಲ್ಲೊಂದು ಬಡಿಗೆ ಹಿಡಿದು ಟಿವಿಯ ಪಕ್ಕ ಸ್ಟೂಲಿನ ಮೇಲೆ ಕುಳಿತರೆ ನೂರು ಜನ ಬಾಯಿ ಮುಚ್ಚಿಕೊಂಡು ಕೇಳುತ್ತಿದ್ದರು. ನಗುವವರಿಗೆ ಅಂಥದೊಂದು ದಿನವಾದರೂ ಸಿಕ್ಕಿದೆಯೇ?

ಅಬ್ದುಲ್ ಕರೀಂ ಸಾಬರ ವಿಡಿಯೋ ಥೇಟರ್ ಹಳೇ ಬಸ್ ಸ್ಟ್ಯಾಂಡಿನ ಹಿಂದಿತ್ತು. ಥೇಟರ್ ಅನ್ನುವುದು ಹೆಸರಿಗೆ, ಮೊದಲು ಅದು ಕಡಲೆ ತುಂಬುವ ಗೋದಾಮು. ತಗಡಿನ ಮಾಡು, ಕೂಡಲು ಗೋಣಿತಟ್ಟು, ಒಂದು ದೊಡ್ಡ ಟಿವಿ, ಒಂದು ವಿಸಿಆರ್. ಸಾಬರು ಹೈದರಾಬಾದಿನಿಂದ ಇಂಗ್ಲಿಷ್ ಕ್ಯಾಸೆಟ್ಟುಗಳನ್ನೇ ತರುತ್ತಿದ್ದರು, ಯಾಕೆಂದರೆ ಅವು ಅಗ್ಗ. 1993ರಲ್ಲಿ ಉಣ್ಣೆ ಮಾರಲು ಬಂದಿದ್ದ ನಾನು ಬಸ್ಸು ತಪ್ಪಿಸಿಕೊಂಡು ಒಳಗೆ ಹೋಗಿ ಕುಳಿತೆ. ಟಿವಿಯಲ್ಲಿ ಒಬ್ಬ ಮಾಳಿಗೆಯಿಂದ ಮಾಳಿಗೆಗೆ ಜಿಗಿಯುತ್ತಿದ್ದ. ಪಬ್ಲಿಕ್ ಮಾತ್ರ ಆಕಳಿಸುತ್ತಿತ್ತು. ಸುಮ್ಮನಿರುವುದು ನನ್ನ ಹಣೆಯಲ್ಲಿ ಬರೆದಿಲ್ಲ. "ಅಂವಾ ಆ ದಪ್ಪ ಮೀಸಿಯಾಂವನ ಬೆನ್ನ ಹತ್ಯಾನ ನೋಡ್ರಿ! ಮೀಸಿಯಾಂವ ತಿಜೋರಿ ಚಾವಿ ಕದ್ದಾನ!" ಎಂದು ಜೋರಾಗಿ ಅಂದುಬಿಟ್ಟೆ. ಆಕಳಿಕೆ ನಿಂತವು. ಹಿಂದಿನಿಂದ ಯಾರೋ "ಮುಂದ ಹೇಳಪಾ" ಎಂದರು. ಆಟ ಮುಗಿದ ಮೇಲೆ ಕರೀಂ ಸಾಬರು ನನ್ನ ತೋಳು ಹಿಡಿದು, "ನಾಳೀನೂ ಬಾ" ಎಂದರು. ಹೀಗೆ ನನಗೆ ಕೆಲಸ ಸಿಕ್ಕಿತು.

ನಮ್ಮ ಪಬ್ಲಿಕ್ಕಿಗೆ ಹಿಡಿಸಿದ್ದು ಶಕ್ತಿವಂತರ ಪಿಚ್ಚರುಗಳು, ಒಬ್ಬನೇ ನೂರು ಜನರನ್ನು ಹಣ್ಣುಗಾಯಿ ನೀರುಗಾಯಿ ಮಾಡುವಂಥವು. ಅವರ ಇಂಗ್ಲಿಷ್ ಹೆಸರು ನನ್ನ ನಾಲಿಗೆಗೆ ಹೊರಳುತ್ತಿರಲಿಲ್ಲ, ನಾನೇ ನಾಮಕರಣ ಮಾಡಿದೆ. ಮುಖಕ್ಕೆ ಕೆಂಪು ಬಟ್ಟೆ ಸುತ್ತಿಕೊಂಡು ಗಾಳಿಯಂತೆ ಓಡುವವನು ಮುಸುಕಪ್ಪ. ಮೈಯೆಲ್ಲ ತಾಮ್ರವಾಗಿ ಗುಂಡು ತಾಗಿದರೂ ಠಣ್ ಎನ್ನುವವನು ತಾಮ್ರಪ್ಪ. ಹಾರುವ ಹುಡುಗಿ ಒಬ್ಬಳಿದ್ದಳು, ಅವಳು ಹಕ್ಕೆವ್ವ. ಹೊಡೆದಾಟಕ್ಕೆ ಭಾಷೆ ಬೇಕಿಲ್ಲ. ಯಾರು ಯಾರಿಗೆ ಹೊಡೆದರು, ಯಾರು ಬಿದ್ದರು ಎನ್ನುವುದು ಕುರುಡನಿಗೂ ಕಾಣುತ್ತದೆ. ಒಂದು ತಿಂಗಳು ನನ್ನ ಬಂಡಿ ಸುರಳೀತ ನಡೆಯಿತು.

ಅದಕ್ಕೆ ಕಲ್ಲು ಹಾಕಿದವನು ಗಂಜ್ ಮಾರ್ಕೆಟ್ಟಿನ ಹಮಾಲ ತುಳಜಾರಾಮ. ದಿನಾ ನೂರಾರು ಚೀಲ ಹೊತ್ತು ಹೊತ್ತು ಕತ್ತು ಬೆನ್ನು ಒಂದೇ ಆದ ಮನುಷ್ಯ. ಮುಸುಕಪ್ಪ ಬೆಂಕಿಯೊಳಗೆ ನುಗ್ಗುವ ಹೊತ್ತಿಗೆ ಎದ್ದು ನಿಂತು ಕೇಳಿದ: "ಪಂಡರಿ, ಅದೆಲ್ಲಾ ಬರೋಬರ್. ಆದ್ರ ಇಂವಾ ಯಾಕ ಇಷ್ಟ ಒದ್ದಾಡಾಕತ್ತಾನ? ಇವಂಗೇನ ಸಿಗತದ?"

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. "ನೀ ಚೀಲ ಯಾಕ ಹೊರ್ತಿ, ಅದಕ್ಕ!" ಎಂದು ಗದರಿಸಿದೆ.

"ನಾ ಹೊಟ್ಟಿಗಿ ಹೊರ್ತೀನಪಾ. ಇಂವಾ ಉಂಡದ್ದ ನಾ ಒಮ್ಮಿನೂ ನೋಡಿಲ್ಲ."

ಪಬ್ಲಿಕ್ ನಕ್ಕಿತು. ಹೊಡೆತ ಕಣ್ಣಿಗೆ ಕಾಣುತ್ತದೆ, ಯಾಕೆ ಹೊಡೆದ ಎನ್ನುವುದು ಕಾಣುವುದಿಲ್ಲ. ಅದು ಇರುವುದು ಮಾತಿನಲ್ಲಿ, ಮಾತು ನನಗೆ ಬರುವುದಿಲ್ಲ. "ನಾಳಿ ಹೇಳ್ತೀನಿ, ಅದು ಕಡಿಗೇ ತಿಳೀತದ" ಎಂದು ಹೇಳಿ ಪಾರಾದೆ.

ಮನೆಗೆ ಬಂದಾಗ ನನ್ನ ಹೆಂಡತಿ ಧೂಳಮ್ಮ ಕುರಿಮರಿಗಳನ್ನು ಬುಟ್ಟಿಯೊಳಗೆ ಮುಚ್ಚುತ್ತಿದ್ದಳು. ಆಕೆ ಪಿಚ್ಚರ್ ನೋಡಿದವಳಲ್ಲ. ಒಮ್ಮೆ ಕರೆದಿದ್ದೆ, "ಕುರಿ ಬಿಟ್ಟ ಎಲ್ಲಿ ಬರ್ಲಿ?" ಎಂದಿದ್ದಳು. ಮತ್ತೆ ಕರೆಯಲಿಲ್ಲ. ಅವತ್ತು ನನ್ನ ಫಜೀತಿ ಯಾರಿಗಾದರೂ ಹೇಳಬೇಕಿತ್ತು, ಆಕೆಯ ಮುಂದೆ ಸುರುವಿದೆ. ಮುಖ ಮುಚ್ಚಿಕೊಂಡ ಒಬ್ಬನಿದ್ದಾನೆ, ಬೆಂಕಿಯಿಂದ ಜನರನ್ನು ಎಳೆಯುತ್ತಾನೆ, ನಸುಕಿನಲ್ಲಿ ಒಬ್ಬ ಮುದುಕಿಯ ಬಾಗಿಲಿಗೆ ಒಂದು ಡಬ್ಬಿ ಇಟ್ಟು ಓಡಿಹೋಗುತ್ತಾನೆ, ಯಾಕೆಂದು ಮಾತ್ರ ತಿಳಿಯುವುದಿಲ್ಲ.

ಧೂಳಮ್ಮ ಒಂದು ಗಳಿಗೆಯೂ ಯೋಚಿಸಲಿಲ್ಲ. "ಮುದುಕಿಗಿ ಬ್ಯಾನಿ ಇರಬೇಕ್ರಿ. ಡಬ್ಬಿದಾಗ ಔಷಧ ಅದ."

"ಮತ್ತ ಮುಖ ಯಾಕ ಮುಚ್ಚಿಕೊಂಡಾನ?"

"ಕೊಟ್ಟಾಂವನ ಮುಖ ಕಂಡ್ರ ಇಸ್ಕೊಂಡಾಕಿ ತಲಿ ತಗ್ಗಸಬೇಕಾಗ್ತದಲ್ರಿ. ಹಾದ್ಯಾಗ ಸಿಕ್ಕಾಗೊಮ್ಮಿ ತಗ್ಗಸಬೇಕು. ಅದಕ್ಕ ಮುಚ್ಚಿಕೊಂಡಾನ" ಎಂದು ಬುಟ್ಟಿಯ ಮೇಲೆ ಕಲ್ಲು ಹೇರಿದಳು.

ಮರುದಿನ ಅದೇ ಮಾತನ್ನು ಬಡಿಗೆ ನೆಟ್ಟು ಹೇಳಿದೆ. ತುಳಜಾರಾಮ ಟಾವೆಲಿನಿಂದ ಮುಖ ಒರೆಸಿಕೊಂಡ. ಬೆವರೋ ಕಣ್ಣೀರೋ ನಾನು ಕೇಳಲಿಲ್ಲ.

ಅಲ್ಲಿಂದ ಮುಂದೆ ಇದೇ ಪದ್ಧತಿಯಾಯಿತು. ಹಗಲು ಪಿಚ್ಚರ್ ನೋಡಿ, ಸಂಜೆ ಧೂಳಮ್ಮನಿಗೆ ಹೇಳಿ, ಆಕೆ ಕೊಟ್ಟ ಕಾರಣವನ್ನು ಬೆಳಿಗ್ಗೆ ಪಬ್ಲಿಕ್ಕಿಗೆ ಬಡಿಸುವುದು. ತಾಮ್ರಪ್ಪ ಯಾಕೆ ಗುಂಡಿಗೆ ಎದೆ ಕೊಡುತ್ತಾನೆ? "ಮಳಿಯಾಗ ಕಂಬಳಿ ಇದ್ದಾಂವನೇ ಹೊರಗ ಮಲಗಬೇಕು. ಅಂವಂಗ ತಾಮ್ರ ಅದ, ಮಂದಿಗಿ ಇಲ್ಲ." ಹಕ್ಕೆವ್ವ ಎಲ್ಲಿಗೆ ಬೇಕಾದರೂ ಹಾರಿಹೋಗಬಹುದಲ್ಲ, ಮತ್ತೆ ಅದೇ ಹಾಳೂರಿಗೆ ಯಾಕೆ ಬರುತ್ತಾಳೆ? "ಅಲ್ಲಿ ಯಾರೋ ಹಾದಿ ನೋಡಾಕತ್ತಾರ್ರಿ. ರೆಕ್ಕಿ ಇದ್ರೇನ, ಹಾದಿ ನೋಡೋರ ಇದ್ರ ಬರಬೇಕಾಗ್ತದ." ಇಷ್ಟೇ. ಆಕೆ ಎರಡು ಮಾತಿನಲ್ಲಿ ಮುಗಿಸುತ್ತಿದ್ದಳು, ನಾನು ಅದಕ್ಕೆ ಒಗ್ಗರಣೆ ಹಾಕಿ ಅರ್ಧ ತಾಸು ಎಳೆಯುತ್ತಿದ್ದೆ. ಕಾರಣ ಯಾರದು ಎಂದು ಯಾರಿಗೂ ಹೇಳಲಿಲ್ಲ. ಇಂಗ್ಲಿಷ್ ಬರುತ್ತದೆ ಎಂದೇ ಎಲ್ಲರೂ ತಿಳಿದಿದ್ದರು. ತಿಳಿದವರನ್ನು ತಿದ್ದಲು ನನಗೇನು ಹುಚ್ಚೇ?

ಥೇಟರಿನ ಎದುರಿನ ಚಹಾದ ಅಂಗಡಿಯಲ್ಲಿ ವಾದ ಶುರುವಾಯಿತು. ಯಾರು ದೊಡ್ಡವರು? ಪಂಕ್ಚರ್ ತಿದ್ದುವ ಖಮರುದ್ದೀನ್ ತಾಮ್ರಪ್ಪನ ಕಡೆ. "ಮುಸುಕಪ್ಪಗ ಹೆಸರ ಬ್ಯಾಡ ಅಷ್ಟ. ತಾಮ್ರಪ್ಪಗ ಜೀವಾನೂ ಬ್ಯಾಡ" ಎನ್ನುತ್ತಿದ್ದ. ತುಳಜಾರಾಮ ಬಿಡುತ್ತಿರಲಿಲ್ಲ: "ಗುಂಡ ತಾಗಿದ್ರ ನೋವೇ ಆಗದಾಂವ ಎದಿ ಕೊಟ್ರ ಏನ ದೊಡ್ಡಸ್ತನ? ಮುಸುಕಪ್ಪನ ಮೈ ನಮ್ಮಂಗ ಸುಡತದ. ಸುಟ್ರೂ ಹೋಗ್ತಾನ." ಚಹಾ ಆರಿ ತಣ್ಣಗಾಗುವವರೆಗೂ ಜಗಳ. ಮಳೆಗಾಲದಲ್ಲಿ ತಗಡು ಸೋರುತ್ತಿತ್ತು, ನಡುವೆ ಒಂದು ಜಾಗದಲ್ಲಿ ನೀರು ನೇರ ತಲೆಯ ಮೇಲೆ ಬೀಳುತ್ತಿತ್ತು. ಮೊದಲು ಆ ಜಾಗಕ್ಕೆ ಹೊಡೆದಾಟ ಆಗುತ್ತಿತ್ತು, ನೀ ಕೂಡು ನೀ ಕೂಡು ಎಂದು. ತಾಮ್ರಪ್ಪನ ಪಿಚ್ಚರ್ ಬಂದ ಮೇಲೆ ಯಾರು ಮಳೆಗೆ ಹೊದೆಯುವ ಗೋಣಿಕೊಪ್ಪಿ ತಂದಿರುತ್ತಾರೋ ಅವರೇ ಎದ್ದು ಹೋಗಿ ಅಲ್ಲಿ ಕೂಡುವ ರಿವಾಜು ಬಿತ್ತು. ನಾನು ಅದನ್ನು ನೋಡಿ ಹೆಮ್ಮೆಯಿಂದ ಉಬ್ಬಿದೆ, ಎಲ್ಲ ನನ್ನ ಬಾಯಿಯ ಮಹಿಮೆ ಎಂದು.

ಎಂಟು ವರ್ಷ ಹೀಗೆ ಹೋಯಿತು. 2001ರಲ್ಲಿ ಬಸವಕಲ್ಯಾಣದಲ್ಲಿ ಬಸ್ಸು ಬದಲಿಸುವಾಗ ಟಾಕೀಜಿನ ಗೋಡೆಯ ಮೇಲೆ ಕೆಂಪು ಮುಸುಕು ಕಂಡಿತು. ನಮ್ಮ ಮುಸುಕಪ್ಪನೇ. ಹಳೇ ಪಿಚ್ಚರಿಗೆ ಹಿಂದಿ ಮಾತು ಹಚ್ಚಿ ತಂದಿದ್ದರು. ನನ್ನ ಕಾಲು ಅಲ್ಲೇ ಹೂತವು. ಹಿಂದಿ ನಮ್ಮ ಕಡೆ ಯಾರಿಗೆ ತಿಳಿಯುವುದಿಲ್ಲ? ಟಿಕೆಟ್ ತೆಗೆದು ಎಲ್ಲರಿಗಿಂತ ಹಿಂದೆ ಕುಳಿತೆ.

ಹಿಂದಿ ಮಾತು ಕಿವಿಗೆ ಬೀಳತೊಡಗಿದಂತೆ ಕತೆಯೇ ಬೇರೆಯಾಯಿತು. ಮುಸುಕಪ್ಪನ ಅಪ್ಪನನ್ನು ಯಾರೋ ಕೊಂದಿದ್ದಾರೆ. ಅವನಿಗೆ ಬೇಕಾದದ್ದು ಆ ಕೊಂದವನ ರಕ್ತ, ಮತ್ತೇನೂ ಅಲ್ಲ. ಬೆಂಕಿಗೆ ನುಗ್ಗಿದ್ದು ಜನರನ್ನು ಎಳೆಯಲು ಅಲ್ಲ, ವೈರಿಯನ್ನು ಹುಡುಕಲು. ಜನ ಸಿಕ್ಕರು, ಹೊರಗೆ ತಂದ. ಒಬ್ಬಾಕೆ ಕೈಮುಗಿದರೆ, "ನಿಮ್ಮಿಂದ ನನಗೇನೂ ಆಗಬೇಕಿಲ್ಲ" ಎಂದು ತಳ್ಳಿಹೋದ. ಮುಖ ಮುಚ್ಚಿಕೊಂಡದ್ದು ಪೊಲೀಸರ ಭಯಕ್ಕೆ. ಮುದುಕಿಯ ಬಾಗಿಲಿಗಿಟ್ಟ ಡಬ್ಬಿಯಲ್ಲಿ ಔಷಧವೂ ಇಲ್ಲ, ಮಣ್ಣೂ ಇಲ್ಲ. ಕದ್ದ ಕಾಗದಗಳನ್ನು ಅಡಗಿಸಲು ಅವನಿಗೊಂದು ಜಾಗ ಬೇಕಿತ್ತು. ಹೊರಗೆ ಬಂದು ಗೇಟಿನವನನ್ನು ತಾಮ್ರದ ಮೈಯವನ ಪಿಚ್ಚರಿನ ಬಗ್ಗೆ ಕೇಳಿದೆ. ಅದೂ ಹಿಂದಿಯಲ್ಲಿ ಬರಲಿದೆಯಂತೆ. "ಅಂವಾ ಸರಕಾರಿ ನೌಕರ್ರಿ. ಪಗಾರ ತಗೊಂಡ ಗುಂಡ ತಿಂತಾನ" ಎಂದು ಆತ ನಕ್ಕ.

ಮನೆಗೆ ಬಂದವನೇ ಧೂಳಮ್ಮನ ಮೇಲೆ ಹರಿಹಾಯ್ದೆ. "ನಿನ್ನ ಮಾತ ಕೇಳಿ ನಾ ಹಾಳಾದೆ! ಎಂಟ ವರ್ಷ ಮಂದಿಗಿ ಸುಳ್ಳ ಹೇಳೀನಿ. ನಾಳಿ ಹುಮನಾಬಾದಿಗಿ ಈ ಹಿಂದಿ ಬಂತಂದ್ರ ನನ್ನ ಇಜ್ಜತ್ ಮಣ್ಣಪಾಲ."

ಆಕೆ ಕುರಿಯ ಕಾಲಿನ ಮುಳ್ಳು ಕೀಳುತ್ತಿದ್ದಳು. ತಲೆ ಎತ್ತದೆ ಅಂದಳು: "ನೀವ ಕೇಳಿದ್ರಿ, ನಾ ಹೇಳಿನಿ. ಖರೆ ಅಂತ ನಾ ಯಾವಾಗ ಹೇಳಿನ್ರಿ?"

ಅದನ್ನು ಕೇಳಿ ಇನ್ನಷ್ಟು ಕೂಗಾಡಿದೆ. ಮೂರು ದಿನ ಆಕೆಯ ಕೂಡ ಮಾತು ಬಿಟ್ಟೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಹೆದರಿದ್ದೇ ಆಯಿತು. ಕರೀಂ ಸಾಬರು ಸಿಡಿ ಆಡಿಸುವ ಹೊಸ ಮಶೀನು ಕೊಂಡರು, ಅದರ ಜೊತೆ ಮುಸುಕಪ್ಪನ ಹಿಂದಿ ಸಿಡಿಯೂ ಬಂತು. "ಇನ್ನ ನಿನ್ನ ಗಂಟಲಿಗಿ ಸ್ವಲ್ಪ ಆರಾಮ ಪಂಡರಿ" ಎಂದರು. ಪ್ರೀತಿಯಿಂದಲೇ ಅಂದರು, ನನಗೆ ಮಾತ್ರ ಗಂಟಲಿಗೇ ಕೈ ಹಾಕಿದಂತಾಯಿತು. ರವಿವಾರದ ಆಟಕ್ಕೆ ಗೋದಾಮು ತುಂಬಿತು. ನನ್ನ ಸ್ಟೂಲನ್ನು ಗೋಡೆಗೆ ಸರಿಸಿದ್ದರು. ಬಡಿಗೆ ಮೂಲೆಯಲ್ಲಿ ನಿಲ್ಲಿಸಿ ನಾನು ಬಾಗಿಲ ಬಳಿ ಕುಳಿತೆ, ಓಡಿಹೋಗಲು ಅನುಕೂಲ ಎಂದು.

ಅರ್ಧ ತಾಸು ಪಬ್ಲಿಕ್ ಸುಮ್ಮನೆ ಕೇಳಿತು. ಬೆಂಕಿ ಬಂತು. "ನಿಮ್ಮಿಂದ ನನಗೇನೂ ಆಗಬೇಕಿಲ್ಲ" ಬಂತು. ಗುಸುಗುಸು ಎದ್ದಿತು. ಡಬ್ಬಿಯಲ್ಲಿ ಕದ್ದ ಕಾಗದ ಅಡಗಿಸಿದ್ದೇನೆ ಎಂದು ಮುಸುಕಪ್ಪ ತನ್ನ ಬಾಯಿಂದಲೇ ಅಂದದ್ದೇ ತಡ, ತುಳಜಾರಾಮ ಎದ್ದು ನಿಂತ.

"ಬಂದ್ ಮಾಡ್ರಿ ಸಾಬ್ರ! ಈ ಹಿಂದಿಯಾಂವ ಸುಳ್ಳ ಹೇಳಾಕತ್ತಾನ!"

"ಹೌದ್ರಿ, ಬೊಂಬಾಯಿ ಮಂದಿ ಕತಿ ಕೆಡಿಸ್ಯಾರ!" ಎಂದ ಖಮರುದ್ದೀನ್, ತಾಮ್ರಪ್ಪನ ಪಕ್ಷ ಮರೆತು. "ಖರೇ ಪಿಚ್ಚರ್ ನಾವು ನೋಡೀವಿ. ಇದು ಡೂಪ್ಲಿಕೇಟ್!"

ಗಲಾಟೆ ಜೋರಾಯಿತು. ಸಾಬರು ಆಟ ನಿಲ್ಲಿಸಿ ನನ್ನ ಕಡೆ ನೋಡಿದರು. ಎಲ್ಲರೂ ನೋಡಿದರು. ನಾನು ಎದ್ದು ಬಡಿಗೆ ಹಿಡಿದು "ಹೌದಪಾ, ಡೂಪ್ಲಿಕೇಟ್" ಅಂದಿದ್ದರೆ ಸಾಕಿತ್ತು, ಇನ್ನೂ ಹತ್ತು ವರ್ಷ ನನ್ನ ಗಾದಿ ಭದ್ರ. ಎದ್ದದ್ದೂ ಹಾಗೆ ಅನ್ನಲಿಕ್ಕೇ. ಅಷ್ಟರಲ್ಲಿ ತುಳಜಾರಾಮ ಅಂದ:

"ನೀ ಹೇಳು ಪಂಡರಿ. ನೀ ಹೇಳಿದ್ದ ನಾ ಮನ್ಯಾಗ ಮಕ್ಕಳಿಗಿ ಹೇಳೀನಿ. ಒಬ್ಬರಿಗಿ ಕೊಟ್ರ ಮುಖ ತೋರಸಬ್ಯಾಡ್ರಿ ಅಂತ ಹೇಳೀನಿ. ಅದು ಸುಳ್ಳ ಹ್ಯಾಂಗ ಆಗತದ?"

ಅವನ ಬಗ್ಗಿದ ಕತ್ತು ನೋಡಿ ನನ್ನ ನಾಲಿಗೆ ತಿರುಗಲಿಲ್ಲ. ಊರಿಗೆಲ್ಲ ಸುಳ್ಳು ಹೇಳಬಹುದು, ಇಷ್ಟು ನಂಬಿದ ಒಬ್ಬನಿಗೆ ಹೇಳುವುದು ಕಷ್ಟ. "ಹಿಂದಿಯಾಂವ ಹೇಳಿದ್ದ ಖರೆ" ಎಂದೆ. "ನನಗ ಇಂಗ್ಲಿಷ್ ಬರಂಗಿಲ್ಲ. ಎಂಟ ವರ್ಷ ಬಾಯಿಗಿ ಬಂದಂಗ ಹೇಳೀನಿ. ಮಾಫ್ ಮಾಡ್ರಿ."

ಕರೀಂ ಸಾಬರು ತಲೆಯ ಮೇಲಿನ ಟೋಪಿ ತೆಗೆದು ಮತ್ತೆ ಇಟ್ಟುಕೊಂಡರು. ತುಳಜಾರಾಮ ಗೋಣಿತಟ್ಟು ದಾಟಿ ನನ್ನ ಹತ್ತಿರ ಬಂದ.

"ನಿನ್ನ ಬಾಯಿಗಿ ಬಂದಂಗ?" ಎಂದ. "ನಿನ್ನ ಬಾಯಾಗ ಬೈಗಳ ಬಿಟ್ರ ಏನ ಬರತದೋ? ಡಬ್ಬಿದಾಗ ಔಷಧ ಅಂತ ಯಾರ ಹೇಳಿದ್ರು?"

"ನನ್ನ ಹೆಂಡತಿ. ಧೂಳಮ್ಮ."

"ಆಕಿಗಿ ಇಂಗ್ಲಿಷ್ ಬರತದೇನ?"

"ಇಲ್ಲ. ಆಕಿ ಒಂದೂ ಪಿಚ್ಚರ್ ನೋಡಿಲ್ಲ."

ತುಳಜಾರಾಮ ತಲೆ ಕೆರೆದುಕೊಂಡ. "ನೋಡದೇನ ಇಷ್ಟ ಹೇಳ್ಯಾಳಂದ್ರ, ನೋಡಿದ್ರ ಇನ್ನ ಏನೇನ ಹೇಳ್ತಾಳೋ! ಕರಕೊಂಡ ಬಾರಪಾ ಆಕೀನ."

ಮೊದಲು ಒಬ್ಬ ನಕ್ಕ, ಆಮೇಲೆ ಇಡೀ ಗೋದಾಮು. ಬೈದು ಓಡಿಸುತ್ತಾರೆ ಎಂದುಕೊಂಡಿದ್ದೆ, ಚಪ್ಪಲಿ ಬೀಳುತ್ತವೆ ಎಂದುಕೊಂಡಿದ್ದೆ. ಆ ನಗುವಿಗೆ ನಾನು ಎಷ್ಟು ಋಣಿ ಎಂದು ಹೇಳಲು ಬರುವುದಿಲ್ಲ. ಹಮಾಲರು, ಲಾರಿ ಡ್ರೈವರರು, ಪಂಕ್ಚರಿನವರು, ದಣಿದು ಬಂದು ಗೋಣಿಯ ಮೇಲೆ ಕೂಡುವ ಜನ. ಅವರು ನನಗೆ ಅವತ್ತು ಕೊಟ್ಟದ್ದು ದೊಡ್ಡದು. ಸಾಬರು ಬಡಿಗೆಯನ್ನು ಮೂಲೆಯಿಂದ ತಂದು ನನ್ನ ಕೈಗೇ ಇಟ್ಟು, "ಶುಕ್ರವಾರ ಹೆಂಗಸರ ಆಟ ಅದಲ್ಲ, ಅದಕ್ಕ ಕರಕೊಂಡ ಬಾ" ಎಂದರು.

ಶುಕ್ರವಾರ ಮಧ್ಯಾಹ್ನ ಗಂಡಸರು ನಮಾಜಿಗೆ ಹೋದ ಹೊತ್ತಿನಲ್ಲಿ ನಮ್ಮಲ್ಲಿ ಹೆಂಗಸರ ಆಟ ಇರುತ್ತಿತ್ತು. ಧೂಳಮ್ಮನನ್ನು ಹೊರಡಿಸುವುದು ಸುಲಭವಾಗಲಿಲ್ಲ. ಕುರಿಗಳನ್ನು ಪಕ್ಕದ ಮನೆಯ ಗಯಾಬಾಯಿಗೆ ಒಪ್ಪಿಸಿ, ಯಾವ ಕುರಿ ತುಡುಗು, ಯಾವುದಕ್ಕೆ ಕಾಲು ನೋವು ಎಂದು ಎರಡೆರಡು ಸಲ ಹೇಳಿ, ಇಳಕಲ್ ಸೀರೆ ಉಟ್ಟು ಬಂದಳು. ರವಿವಾರದ ಗಲಾಟೆಯ ಸುದ್ದಿ ತಮ್ಮ ಗಂಡಂದಿರಿಂದ ಕೇಳಿದ್ದ ಹೆಂಗಸರು ಆಕೆಗೆ ಎಲ್ಲರಿಗಿಂತ ಮುಂದೆ ಜಾಗ ಬಿಟ್ಟಿದ್ದರು. ಸಾಬರು ಅದೇ ಮುಸುಕಪ್ಪನನ್ನು ಹಚ್ಚಿ, ದನಿ ಪೂರಾ ಬಂದ್ ಮಾಡಿ ನಮಾಜಿಗೆ ಹೋದರು. ನಾನು ಸ್ಟೂಲಿನ ಮೇಲೆ ಕುಳಿತು ಹೇಳತೊಡಗಿದೆ.

ಡಬ್ಬಿಯ ಹೊತ್ತು ಬಂತು. ಮುಸುಕಪ್ಪ ಬಾಗಿ ಅದನ್ನು ಮುದುಕಿಯ ಹೊಸ್ತಿಲಿಗಿಟ್ಟ. ನಾನು ಮಾತು ನಿಲ್ಲಿಸಿ ಧೂಳಮ್ಮನನ್ನು ಕೇಳಿದೆ, ಎಲ್ಲರ ಮುಂದೆ, "ಯಾಕ ಇಟ್ಟ?"

ಆಕೆ ಸೆರಗನ್ನು ಮುಖಕ್ಕೆ ಎಳೆದುಕೊಂಡಳು. ಹೆಂಗಸರೆಲ್ಲ ಕತ್ತು ಚಾಚಿದರು. "ಔಷಧ ಅದಲ್ರಿ" ಎಂದಳು ಸಿಟ್ಟಿನಿಂದ, "ಕಣ್ಣಿಗಿ ಕಾಣವಲ್ದೇನ ನಿಮಗ?"

ಎಲ್ಲರೂ ಚಪ್ಪಾಳೆ ಹೊಡೆದರು. ಅಲ್ಲಿಂದ ಮುಂದೆ ಇನ್ನೂ ಮೂರು ವರ್ಷ, ಮನೆಮನೆಗೆ ಕೇಬಲ್ ಬಂದು ಗೋದಾಮು ಮತ್ತೆ ಕಡಲೆಯ ಪಾಲಾಗುವ ತನಕ, ಶುಕ್ರವಾರದ ಆಟ ದನಿ ಇಲ್ಲದೆ ನಡೆಯಿತು. ನನ್ನ ಕೆಲಸ ಉಳಿಯಿತು.

ಆ ಮೊದಲ ಶುಕ್ರವಾರ ಆಟ ಮುಗಿಸಿ ನಾವಿಬ್ಬರೂ ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಕುಳಿತಿದ್ದೆವು. ನಮ್ಮ ಕಡೆ ಗಂಡ ಹೆಂಡತಿಗೆ ಉಪಕಾರವಾಯಿತು ಎನ್ನುವ ಪದ್ಧತಿಯಿಲ್ಲ, ಹೇಗೆ ಅನ್ನಬೇಕೆಂದೂ ಗೊತ್ತಿಲ್ಲ. ಆದರೂ ಎದೆ ತುಂಬಿ ಬಂದಿತ್ತು. "ನೀ ಇಲ್ಲಂದ್ರ ನಾ ಎಂಟ ವರ್ಷ ಏನ ಹೇಳ್ತಿದ್ದೆ? ಮೂರ ದಿನ ಮಾತ ಬಿಟ್ಟಿದ್ದ ತಪ್ಪಾತು" ಎಂದೆ. ಆಕೆ ನನ್ನನ್ನು ಜ್ವರ ಬಂದಿದೆಯೋ ಎನ್ನುವಂತೆ ನೋಡಿದಳು.

"ಒಂದ ಹೇಳು. ಇವೆಲ್ಲಾ ನಿನಗ ಎಲ್ಲಿಂದ ತಿಳೀತಿದ್ದವು?"

"ನಾ ಯಾರನ್ನ ನೋಡೀನ್ರಿ? ಕುರಿ ನೋಡೀನಿ, ನಿಮ್ಮನ್ನ ನೋಡೀನಿ."

"ನನ್ನನ್ನ? ನಾ ಯಾವ ಮುಸುಕಪ್ಪ?"

"ನಮ್ಮಪ್ಪ ಸತ್ತ ವರ್ಷ ತವರೂರ ಮನ್ನಾಏಖೇಳ್ಳಿಯಾಗ ನಮ್ಮವ್ವನ ಒಲಿ ಹತ್ತತಿದ್ದಿಲ್ಲ. ನೀವ ಮುಖಕ್ಕ ಟಾವೆಲ್ ಸುತ್ಕೊಂಡ ನಸಿಕಿನ್ಯಾಗ ಜ್ವಾಳದ ಚೀಲ ಬಾಗಲಿಗಿ ಇಟ್ಟ ಓಡಿ ಬಂದಿದ್ರಿ. ಹೇಳಿಲ್ಲಂದ್ರ ನನಗ ತಿಳ್ಯಂಗಿಲ್ಲೇನ್ರಿ? ಮನ್ಯಾಗಿನ ಚೀಲ ಎಲ್ಲಿ ಹೋಗ್ತದ?"

ನನಗೆ ನೆನಪಾಯಿತು, ನೆನಪಾಗಿ ಮೈಯೆಲ್ಲ ಸಣ್ಣದಾಯಿತು. ಹೌದು, ಚೀಲ ಇಟ್ಟಿದ್ದೆ. ಆದರೆ ಮುಸುಕು ಹಾಕಿದ್ದು ಬೇರೆ ಕಾರಣಕ್ಕೆ. ಅತ್ತೆಯ ಬಾಯಿ ಅಂದರೆ ಬಾಯಿ. ಒಂದು ಮದುವೆಯಲ್ಲಿ ಆಕೆ ಹತ್ತು ಜನರ ಮುಂದೆ ನನಗೆ ಹೊಟ್ಟೆಬಾಕ ಎಂದಿದ್ದಳು, ನಾನು ಆಕೆಯ ಮುಖ ನೋಡುವುದಿಲ್ಲ ಎಂದು ಆಣೆ ಇಟ್ಟಿದ್ದೆ. ಮನೆಯಲ್ಲಿ ಧೂಳಮ್ಮನ ಅಳು ಕೇಳಲಾಗದೆ ಚೀಲ ಎಸೆದು ಬಂದಿದ್ದೆ. ಸಿಕ್ಕಿಬಿದ್ದರೆ ಮತ್ತೆ ಬೈಸಿಕೊಳ್ಳಬೇಕೆಂದು ಓಡಿದ್ದೆ. ಹಿಂದಿಯ ಮುಸುಕಪ್ಪನಿಗಿಂತ ನಾನೇನು ಮೇಲು?

ರವಿವಾರ ನೂರು ಜನರ ಮುಂದೆ ಒಂದು ಸಲ ನಿಜ ಹೇಳಿದ ಧೈರ್ಯ ಇನ್ನೂ ಸ್ವಲ್ಪ ಉಳಿದಿತ್ತು. "ನಿಮ್ಮವ್ವ ತಲಿ ತಗ್ಗಸಬಾರದಂತ ಅಲ್ಲ ಧೂಳಿ" ಎಂದೆ. "ಆಕಿ ಬಾಯಿಗಿ ಹೆದರಿ ಮುಖ ಮುಚ್ಚಿಕೊಂಡಿದ್ದೆ."

"ಗೊತ್ತದ್ರಿ" ಎಂದಳು ಧೂಳಮ್ಮ. "ಆದ್ರ ಅವ್ವ ಸಾಯೋತನಕಾ ಯಾರ ಮುಂದೂ ತಲಿ ತಗ್ಗಸಲಿಲ್ಲ."